ಹದಿನೆಂಟರವರೆಗೆ ಕಾದ ಮಕ್ಕಳಿಗೆ ಕಲಿಯಲು ಒಂದು ಜಾಗ ಕೊಡಿ

ಮಾನ್ಯರೇ,

ಹೋದ ತಿಂಗಳು ನನ್ನ ಮಗಳಿಗೆ ಹದಿನೆಂಟು ತುಂಬಿತು. ತಲೆಗೆ ಎಣ್ಣೆ ಇಡೋಣ ಅಂತ ಬಟ್ಟಲು ಹಿಡಿದು ಹೋದರೆ, ಅವಳು ಆಗಲೇ ಲೈಸೆನ್ಸ್ ಅರ್ಜಿಯ ಸಾರಥಿ ವೆಬ್‌ಸೈಟ್ ತೆರೆದು ಎಲ್ಎಲ್‌ಗೆ, ಅಂದರೆ ಗಾಡಿ ಕಲಿಯುವವರ ಲೈಸೆನ್ಸ್‌ಗೆ, ಅರ್ಜಿ ಹಾಕುತ್ತಾ ಕೂತಿದ್ದಳು. ಹೊಸ ಬಟ್ಟೆ, ಕೇಕು ಎಲ್ಲ ಆಮೇಲೆ. ಎರಡು ವರ್ಷ ಕಾದಿದ್ದ ಹುಡುಗಿ ಅವಳು. ಹಾಗೆ ಕಾದವರಿಗೆ ನಮ್ಮ ಊರು ಏನು ಕೊಡುತ್ತಿದೆ ಎಂದು ಈ ಒಂದು ತಿಂಗಳಲ್ಲಿ ಕಣ್ಣಾರೆ ಕಂಡೆ. ಅದಕ್ಕೇ ಈ ಪತ್ರ.

ಎರಡು ವರ್ಷದ ಹಿಂದೆ ನಮ್ಮದೇ ಬೀದಿಯಲ್ಲಿ ಅವಳ ಜೊತೆಗಾರನೊಬ್ಬನ ಹದಿನಾರನೇ ಹುಟ್ಟುಹಬ್ಬ. ಅಪ್ಪ ಅಮ್ಮ ಹೊಸ ಸ್ಕೂಟರ್ ಕೊಡಿಸಿದ್ದರು. ಹ್ಯಾಂಡಲ್‌ಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಹುಡುಗ ಹೆಲ್ಮೆಟ್ ಇಲ್ಲದೆ ಹತ್ತಿ, ನಿಂಬೆಹಣ್ಣು ಜಜ್ಜಿ ಮುಂದೆ ಹೋದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

'ಸ್ಕೂಟಿಗೆ ಹದಿನಾರು ಸಾಕು' ಎಂದು ಬಹಳ ಜನ ನಂಬಿದ್ದಾರೆ. ಸಾಲದು. 1988ರ ಮೋಟಾರು ವಾಹನ ಕಾಯ್ದೆ ಹದಿನಾರಕ್ಕೆ ಬಿಡುವುದು 50 ಸಿಸಿ ಮೀರದ ಗಾಡಿಯನ್ನು ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ಈಗ ಮನೆಮನೆಯಲ್ಲಿ ನಿಂತಿರುವ ಸ್ಕೂಟರ್‌ಗಳು 110, 125 ಸಿಸಿಯವು. 2019ರ ತಿದ್ದುಪಡಿ ಬಂದ ಮೇಲೆ, ಮಕ್ಕಳ ಕೈಗೆ ಗಾಡಿ ಕೊಟ್ಟರೆ ಶಿಕ್ಷೆ ಅಪ್ಪ ಅಮ್ಮನಿಗೆ ಅಥವಾ ಗಾಡಿ ಮಾಲೀಕರಿಗೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಎಲ್ಎಲ್ ಕೂಡ ಸಿಗುವುದಿಲ್ಲ.

ಆ ಹುಡುಗ ಮೊದಲ ಮಳೆಗಾಲದಲ್ಲೇ ಜಾರಿ ಬಿದ್ದು ಮುಂಗೈ ಮುರಿದುಕೊಂಡ. ದೇವರ ದಯೆ, ಅಡ್ಡ ಯಾರೂ ಬರಲಿಲ್ಲ. ಬಂದಿದ್ದರೆ? ಓಡಿಸಿದವರಿಗೆ ಲೈಸೆನ್ಸ್ ಇಲ್ಲದಿದ್ದರೆ ಇನ್ಶೂರೆನ್ಸ್ ಕಂಪನಿ ತಾನು ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲಿ ಮಾಡಬಹುದು. ಮನೆ ಮಾರಿದರೂ ತೀರದ ಸಾಲ ಆಗಿಬಿಡಬಹುದು ಅಲ್ವಾ?

ನನ್ನ ಮಗಳು ಪಿಯುಸಿಯ ಎರಡೂ ವರ್ಷ ಬಿಎಂಟಿಸಿ ಬಸ್ಸಿನಲ್ಲೇ ಓಡಾಡಿದಳು. ಗೆಳತಿಯರು ಗಾಡಿಯಲ್ಲಿ ಬಂದು ಇಳಿಯುವಾಗ ಇವಳು ಸ್ಟಾಪಿನಿಂದ ಓಡಿ ಬರಬೇಕು. ಜಗಳ ಆಡಿದಳು, ಅತ್ತಳು. "ನಿಂಗೆ ನನ್ ಮೇಲೆ ನಂಬಿಕೆ ಇಲ್ಲ" ಅಂದಳು. ನಿನ್ನ ಮೇಲೆ ಇದೆ ಪುಟ್ಟಿ, ಎದುರಿಗೆ ಬರೋ ವಾಟರ್ ಟ್ಯಾಂಕರ್ ಮೇಲೆ ಇಲ್ಲ ಅಂದೆ. ಕೊನೆಗೆ ಕಾದಳು.

ಈಗ ನಿಯಮದ ಪ್ರಕಾರವೇ ಕಲಿಯಲು ಹೊರಟರೆ, ಕಲಿಯುವುದು ಎಲ್ಲಿ?

ಕಾರಿಗೆ ಒಂದು ಡ್ರೈವಿಂಗ್ ಸ್ಕೂಲ್ ಸೇರಿಸಿದೆವು. ಮೂರನೇ ದಿನವೇ ಸುಮನಹಳ್ಳಿ ಕಡೆ ರಿಂಗ್ ರೋಡಿಗೆ ಇಳಿಸಿದರು. ಕ್ಲಚ್, ಬ್ರೇಕು ಪಕ್ಕದಲ್ಲಿ ಕೂತವರ ಕಾಲ ಕೆಳಗೂ ಇದೆ, ಸ್ಟೀರಿಂಗ್ ಮೇಲೂ ಅವರದೊಂದು ಕೈ. ಮನೆಗೆ ಬಂದಾಗ ಅವಳ ಅಂಗೈ ಬೆವರಿ ಒದ್ದೆಯಾಗಿತ್ತು. "ಅಮ್ಮ, ಗಾಡಿ ಓಡಿಸಿದ್ದು ನಾನಾ ಅವರಾ, ಗೊತ್ತೇ ಆಗಲಿಲ್ಲ" ಅಂದಳು. ಹೇಳಿಕೊಡುವವರನ್ನು ದೂರಿ ಏನು ಮಾಡೋದು? ಅವರಿಗೂ ಇರುವುದು ಅದೇ ರಸ್ತೆ.

ನಾನು ಲೂನಾ ಕಲಿತದ್ದು ಜ್ಞಾನಭಾರತಿ ಕ್ಯಾಂಪಸ್ಸಿನ ಒಳರಸ್ತೆಯಲ್ಲಿ. ಅಣ್ಣ ಹಿಂದಿನಿಂದ ಸೀಟು ಹಿಡಿದು ಓಡಿ ಬರುತ್ತಿದ್ದ. ಗಂಟೆಗಟ್ಟಲೆ ಸುತ್ತಿದರೂ ಎದುರಿಗೆ ನಾಲ್ಕು ಗಾಡಿ ಬಂದರೆ ಜಾಸ್ತಿ. ಈಗ ಭಾನುವಾರ ಬೆಳಿಗ್ಗೆ ಐದೂವರೆಗೆ ನಾವಿಬ್ಬರೂ ವಿಶ್ವೇಶ್ವರಯ್ಯ ಬಡಾವಣೆಗೆ ಹೋಗುತ್ತೇವೆ. ನಾನು ಪಕ್ಕದಲ್ಲಿ, ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್'. ಆರೂವರೆಗೆಲ್ಲ ವಾಕಿಂಗ್‌ನವರು, ಕ್ರಿಕೆಟ್ ಹುಡುಗರು, ಹಾಲಿನ ಗಾಡಿ. ಅವರದೂ ತಪ್ಪಲ್ಲ, ಅದು ಅವರ ಬೀದಿ. ನಾವು ಗಾಡಿ ತಿರುಗಿಸಿಕೊಂಡು ಬರುತ್ತೇವೆ. ವಾರಕ್ಕೆ ಸಿಗುವುದು ಆ ಒಂದು ಗಂಟೆ.

ಅಷ್ಟರಲ್ಲೇ ಅವಳು ಕಲಿತದ್ದು ನೋಡಿದರೆ ಹೆಮ್ಮೆಯಾಗುತ್ತದೆ. ದುಂಡಗಿರುವ ಬೋರ್ಡ್ ಆದರೆ ಕಡ್ಡಾಯ, ಮೂರು ಮೂಲೆಯದಾದರೆ ಎಚ್ಚರಿಕೆ, ಆಯತವಾದರೆ ಮಾಹಿತಿ ಎಂದು ದಾರಿಯುದ್ದಕ್ಕೂ ಹೇಳುತ್ತಾಳೆ. ಖಾಲಿ ರಸ್ತೆಯಲ್ಲೂ ಜೀಬ್ರಾ ಪಟ್ಟಿಯ ಹಿಂದೆಯೇ ನಿಲ್ಲಿಸುತ್ತಾಳೆ. ಈ ವಯಸ್ಸಿನಲ್ಲಿ ಸರಿಯಾಗಿ ಹೇಳಿಕೊಟ್ಟರೆ ಮಕ್ಕಳು ಎಷ್ಟು ಚೆನ್ನಾಗಿ ಹಿಡಿದುಕೊಳ್ಳುತ್ತಾರೆ!

ಸಾರಿಗೆ ಇಲಾಖೆಗೆ ನನ್ನದೊಂದೇ ಕೋರಿಕೆ. ಜ್ಞಾನಭಾರತಿ ಆರ್‌ಟಿಓ ಹತ್ತಿರ ಸೆನ್ಸರ್ ಹಾಕಿದ ಒಳ್ಳೆಯ ಟೆಸ್ಟ್ ಟ್ರ್ಯಾಕ್ ಇದೆ. ಮಕ್ಕಳು ಆ ಟ್ರ್ಯಾಕನ್ನು ಮೊದಲ ಸಲ ನೋಡುವುದೇ ಪರೀಕ್ಷೆಯ ದಿನ. ರಜಾ ದಿನಗಳಲ್ಲಿ ಎರಡು ಮೂರು ಗಂಟೆ, ಎಲ್ಎಲ್ ಇರುವವರಿಗೆ, ಲೈಸೆನ್ಸ್ ಇರುವ ದೊಡ್ಡವರು ಜೊತೆಗಿದ್ದರೆ, ಅಭ್ಯಾಸಕ್ಕೆ ಬಿಡಿ. ಶುಲ್ಕ ಇಟ್ಟರೂ ಕೊಡುತ್ತೇವೆ. ಊರಿನ ಬೇರೆ ದಿಕ್ಕುಗಳಲ್ಲೂ ಇಂಥ ಒಂದೊಂದು ಜಾಗ ಗುರುತಿಸಿ. ಏರಿನಲ್ಲಿ ಹಾಫ್ ಕ್ಲಚ್ ಹಿಡಿಯುವುದು, ರಿವರ್ಸ್ ತೆಗೆಯುವುದು, ಎಂಟು ಹಾಕುವುದು, ಇವನ್ನು ಲಾರಿ ಬಸ್ಸುಗಳ ನಡುವೆ ಕಲಿಯುವುದು ಆಗದ ಮಾತು.

ಎಲ್ಎಲ್ ಸಿಕ್ಕಿ 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು. ಅವಳ ಟೆಸ್ಟ್ ಮುಂದಿನ ವಾರ. ಅಲ್ಲಿಯವರೆಗೆ ನಾಗರಭಾವಿಯ ಏರಿನಲ್ಲಿ ಎಲ್ ಬೋರ್ಡಿನ ಕಾರೊಂದು ನಿಮ್ಮ ಮುಂದೆ ಆಫ್ ಆಗಿ ನಿಂತರೆ, ದಯವಿಟ್ಟು ಹಾರ್ನ್ ಒತ್ತಬೇಡಿ. ಹತ್ತು ಸೆಕೆಂಡ್ ಕೊಡಿ. ಅವಳು ಮತ್ತೆ ಸ್ಟಾರ್ಟ್ ಮಾಡಿಕೊಳ್ಳುತ್ತಾಳೆ.

— ಒಬ್ಬ ತಾಯಿ, ನಾಗರಭಾವಿ, ಬೆಂಗಳೂರು