ಬೆರಿಕ್ ಬೀದಿಯ ಹೆಸರಿಲ್ಲದ ಪ್ಲೇಟು

ಪ್ರೀತಿಯ ಪುಟ್ಟಿ,

ಲಂಡನ್ನಿನಲ್ಲಿ ಶನಿವಾರ ಕಳೆಯುವುದೇ ಕಷ್ಟ ಎಂದು ಬರೆದಿದ್ದೀಯ. ಜೊತೆಗಿರುವ ಹುಡುಗಿ ರೆಕಾರ್ಡು ಕೊಳ್ಳಲು ಕರೆದರೆ, ಎಲ್ಲ ಹಾಡೂ ಮೊಬೈಲಿನಲ್ಲಿರುವಾಗ ಆ ಕಪ್ಪು ತಟ್ಟೆಗೆ ಯಾರು ದುಡ್ಡು ಸುರಿಯುತ್ತಾರೆ ಎಂದು ಮನೆಯಲ್ಲೇ ಉಳಿದೆಯಂತೆ. ಓದಿ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. 1996ರಲ್ಲಿ ಕಚೇರಿ ಕೆಲಸಕ್ಕೆಂದು ಎಂಟು ತಿಂಗಳು ಅದೇ ಊರಿನಲ್ಲಿದ್ದಾಗ ನನ್ನ ಶನಿವಾರಗಳೆಲ್ಲ ರೆಕಾರ್ಡ್ ಅಂಗಡಿಗಳಲ್ಲೇ ಕರಗಿದವು. ನಿನಗೆ ಇದನ್ನು ಹೇಳಿಲ್ಲ. ನಿನ್ನ ಅಪ್ಪನಿಗೂ ಅರ್ಧ ಮಾತ್ರ ಗೊತ್ತು.

ಆಕ್ಸ್‌ಫರ್ಡ್ ಸ್ಟ್ರೀಟಿನಿಂದ ದಕ್ಷಿಣಕ್ಕೆ ತಿರುಗಿದರೆ ಸೋಹೋ. ಬರ್ವಿಕ್ ಸ್ಟ್ರೀಟ್ ಎಲ್ಲಿ ಎಂದು ನಾನು ಕೇಳಿದ್ದಕ್ಕೆ ಹೂಕೋಸು ಮಾರುತ್ತಿದ್ದ ಮುದುಕ ‘ಬೆರಿಕ್’ ಎಂದು ತಿದ್ದಿದ. ನಡುವಿನ ಒಂದು ಅಕ್ಷರವನ್ನು ಬರೆಯುವುದುಂಟು, ಬಾಯಲ್ಲಿ ನುಂಗಿಬಿಡುತ್ತಾರೆ. ತರಕಾರಿ ಸಂತೆಯ ಆಚೀಚೆ, ಅಡ್ಡಬೀದಿಗಳ ತುಂಬ ಆಗ ರೆಕಾರ್ಡ್ ಅಂಗಡಿಗಳೇ. ಒಂದರಲ್ಲಿ ಜಾಝ್, ಪಕ್ಕದ್ದರಲ್ಲಿ ಕುಣಿಯುವವರ ಸಂಗೀತ, ಎದುರಿನದರಲ್ಲಿ ಬರೀ ಹಳೆಯ ಮಾಲು. ಹಿಂದಿನ ವರ್ಷವಷ್ಟೇ ಬಂದಿದ್ದ ಓಯಸಿಸ್ ತಂಡದ ಆಲ್ಬಮ್ಮಿನ ಮುಖಚಿತ್ರ ತೆಗೆದದ್ದೂ ಆ ಬೀದಿಯಲ್ಲೇ. ಅದೇ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳಲು ಹುಡುಗರು ರಸ್ತೆ ನಡುವೆ ನಿಂತು ಟ್ಯಾಕ್ಸಿಯವರಿಂದ ಬೈಸಿಕೊಳ್ಳುತ್ತಿದ್ದರು.

ನಾನು ಮೊದಲು ಹೋದದ್ದು ಮಾತ್ರ ಆಕ್ಸ್‌ಫರ್ಡ್ ಸ್ಟ್ರೀಟಿನ ದೊಡ್ಡ ಎಚ್‌ಎಂವಿ ಮಳಿಗೆಗೆ. ನಿನ್ನ ಅಜ್ಜನ ಗ್ರಾಮಫೋನ್ ಪೆಟ್ಟಿಗೆಯ ಮೇಲಿದ್ದ ನಾಯಿಯನ್ನು ಅದರ ತವರಿನಲ್ಲಿ ನೋಡುವ ಆಸೆ. 1921ರಲ್ಲಿ ಆ ಬೀದಿಯ 363ನೇ ನಂಬರಿನ ಕಟ್ಟಡದಲ್ಲಿ ಎಚ್‌ಎಂವಿ ಗುರುತಿನ ಗ್ರಾಮಫೋನ್ ಕಂಪನಿ ತೆರೆದ ಅಂಗಡಿಯನ್ನು ಉದ್ಘಾಟಿಸಿದವರು ಸಂಗೀತ ರಚನಕಾರ ಎಡ್ವರ್ಡ್ ಎಲ್ಗರ್. ಆಗಿನ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ತಿರುಗುವಂಥವು, ಕೈಜಾರಿದರೆ ಚೂರು. ಅವಕ್ಕೆ ಬೇಕಾದ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದ ಕಾಡುಗಳಿಂದ. ಅರಗಿನ ಮನೆಯ ಕಥೆಯನ್ನು ನಿನಗೆ ಎಷ್ಟು ಸಲ ಹೇಳಿದ್ದೇನೋ, ಅರಗಿನ ಹಾಡಿನ ಕಥೆ ಹೇಳಲು ಮರೆತಿದ್ದೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಎಲ್‌ಪಿಯನ್ನು, ಅಂದರೆ ಹೆಚ್ಚು ಹೊತ್ತು ಹಾಡುವ ಪ್ಲೇಟನ್ನು, ತಂದ ಮೇಲೆ ಮೆಲ್ಲಗೆ ಅರಗಿನ ಕಾಲ ಮುಗಿಯಿತು.

ದೊಡ್ಡ ಮಳಿಗೆಯಲ್ಲಿ ನನಗೆ ಬೇಸರವಾಯಿತು. ಎಲ್ಲ ಇತ್ತು, ಮಾತಾಡುವವರಿರಲಿಲ್ಲ. ಸಣ್ಣ ಅಂಗಡಿಗಳ ಹುಚ್ಚು ಹತ್ತಿಸಿದ್ದು ನಾಟಿಂಗ್ ಹಿಲ್. ಅಲ್ಲಿಗೆ ತಪ್ಪದೆ ಹೋಗು. 1976ರಲ್ಲಿ ಜೆಫ್ ಟ್ರಾವಿಸ್ ಎಂಬ ತರುಣ ಅಮೆರಿಕ ಸುತ್ತಿ, ಸಿಕ್ಕ ಸಿಕ್ಕಲ್ಲಿ ರೆಕಾರ್ಡು ಕೊಂಡು, ಹೊತ್ತು ತಂದು ಅಲ್ಲೊಂದು ಅಂಗಡಿ ಇಟ್ಟ. ಅದೇ ರಫ್ ಟ್ರೇಡ್. ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಲೈಟ್ಸ್ ಪುಸ್ತಕದಂಗಡಿಯಲ್ಲಿ ಜನ ಕೊಳ್ಳದೆ ಗಂಟೆಗಟ್ಟಲೆ ಕೂತು ಓದುವುದನ್ನು ನೋಡಿ, ತನ್ನದೂ ಹಾಗೇ ಇರಬೇಕು ಎಂದುಕೊಂಡಿದ್ದನಂತೆ. ವ್ಯಾಪಾರಿಯ ಲೆಕ್ಕ ಅಲ್ಲವೇ ಅಲ್ಲ. ಆದರೆ ಪಂಕ್ ಸಂಗೀತದ ಹುಡುಗರು ಸಾಲ ಮಾಡಿ ಐನೂರೋ ಸಾವಿರವೋ ಪ್ಲೇಟು ಅಚ್ಚು ಹಾಕಿಸಿಕೊಂಡು ಬಂದಾಗ, ದೊಡ್ಡ ಕಂಪನಿಗಳು ಬಾಗಿಲು ತೆರೆಯದಿದ್ದಾಗ, ಇಲ್ಲಿ ಕೌಂಟರಿನ ಮೇಲೆ ಜಾಗ ಸಿಗುತ್ತಿತ್ತು. 1978ರ ಹೊತ್ತಿಗೆ ಅಂಗಡಿಯೇ ರೆಕಾರ್ಡ್ ಕಂಪನಿಯೂ ಆಯಿತು. ಬೇರೆ ಊರುಗಳ ಇಂಥವೇ ಅಂಗಡಿಗಳ ಜೊತೆ ಸೇರಿ ದೇಶಕ್ಕೆಲ್ಲ ಹಂಚುವ ಜಾಲವನ್ನೂ ಕಟ್ಟಿದರು.

ಅಲ್ಲೇ ಪೋರ್ಟೊಬೆಲ್ಲೋ ರಸ್ತೆಯಲ್ಲಿ ಆನೆಸ್ಟ್ ಜಾನ್ಸ್ ಇದೆ, 1974ರದ್ದು. ನನಗೆ ಅದೇ ಹೆಚ್ಚು ಇಷ್ಟ. ಆ ಬಡಾವಣೆಯಲ್ಲಿ ನೆಲೆಸಿದ ಕೆರಿಬಿಯನ್ ಜನ ತಮ್ಮ ಊರಿನ ಹಾಡುಗಳನ್ನು ಜೊತೆಗೇ ತಂದಿದ್ದರು. 1948ರಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತು ತಂದ ವಿಂಡ್‌ರಷ್ ಹಡಗಿನಿಂದ ಇಳಿದ ಟ್ರಿನಿಡಾಡಿನ ಗಾಯಕ ಲಾರ್ಡ್ ಕಿಚನರ್, ಬಂದರಿನಲ್ಲಿ ಸುದ್ದಿಚಿತ್ರದವರ ಕ್ಯಾಮೆರಾ ಎದುರೇ ಲಂಡನ್ ಮೇಲೆ ಕಟ್ಟಿದ ಹಾಡು ಹಾಡಿದ್ದ. ಕ್ಯಾಲಿಪ್ಸೋ ಎನ್ನುವ ಅಂಥ ಹಳೆಯ ಟ್ರಿನಿಡಾಡ್ ಶೈಲಿಯ ಹಾಡುಗಳನ್ನು ಹುಡುಕಿ, ಒಟ್ಟು ಮಾಡಿ 2002ರಲ್ಲಿ ಹೊರತಂದದ್ದು ಈ ಅಂಗಡಿಯೇ. ಜಮೈಕಾದಿಂದ ಲಂಡನ್ನಿಗೆ ಬಂದು 1962ರಲ್ಲಿ ಐಲ್ಯಾಂಡ್ ಎಂಬ ರೆಕಾರ್ಡ್ ಕಂಪನಿ ನಡೆಸತೊಡಗಿದ ಕ್ರಿಸ್ ಬ್ಲ್ಯಾಕ್‌ವೆಲ್ ಅಂತೂ ಪುಟ್ಟ ಕಾರಿನಲ್ಲಿ ರೆಕಾರ್ಡು ತುಂಬಿಕೊಂಡು ಇಂಥ ಬಡಾವಣೆಗಳ ಅಂಗಡಿಯಿಂದ ಅಂಗಡಿಗೆ ಓಡಾಡಿ ಮಾರುತ್ತಿದ್ದ.

ಈಗ ನನ್ನ ಪೆದ್ದುತನದ ವಿಷಯ. ಅಲ್ಲಿನ ಹಳೆ ರೆಕಾರ್ಡ್ ಅಂಗಡಿಗಳಲ್ಲಿ ಹಲವು ಕಡೆ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿರುವುದು ಖಾಲಿ ಕವರುಗಳನ್ನು ಮಾತ್ರ. ಪ್ಲೇಟು ಕೌಂಟರಿನ ಹಿಂದೆ ಇರುತ್ತದೆ, ಕಳ್ಳರ ಭಯಕ್ಕೆ. ಎರಡು ಬೆರಳಿನಿಂದ ಟಪ್ ಟಪ್ ಎಂದು ಕವರುಗಳನ್ನು ಮುಂದಕ್ಕೆ ಬೀಳಿಸುತ್ತಾ ಹೋಗುತ್ತೀಯ, ಬೇಕಾದದ್ದನ್ನು ಒಯ್ದು ಕೊಡುತ್ತೀಯ, ಅವರು ಪ್ಲೇಟು ಹುಡುಕಿ ಕವರಿಗೆ ಹಾಕಿ ಕೊಡುತ್ತಾರೆ. ಸೋಹೋದ ಒಂದು ಅಂಗಡಿಯಲ್ಲಿ, ಹೆಸರು ಬೇಡ, ನನಗೊಂದು ಸರೋದ್ ವಾದನದ ಎಲ್‌ಪಿ ಸಿಕ್ಕಿತು. ನಾಲ್ಕು ಪೌಂಡ್. ಅಷ್ಟು ದೂರದಲ್ಲಿ ನಮ್ಮದೊಂದು ವಾದ್ಯದ ಚಿತ್ರ ಕಂಡಿತಲ್ಲ, ಒಳಗೇನಿದೆ ಎಂದು ನೋಡುವಷ್ಟೂ ವ್ಯವಧಾನವಿರಲಿಲ್ಲ. ಒಮ್ಮೆ ಹಾಕಿ ಕೇಳಿಸಿ ಎನ್ನಲೂ ಸಂಕೋಚ; ಕೌಂಟರಿನವನ ಮುಖ ಹಾಗಿತ್ತು.

ಊರಿಗೆ ಬಂದು ಅಜ್ಜನ ಎದುರು ಮುಳ್ಳು ಇಟ್ಟರೆ ಸರೋದ್ ಇಲ್ಲ, ಎದೆಗೆ ಗುದ್ದುವಂಥ ಡೋಲು, ಗಿಟಾರು! ಜಮೈಕಾದ ರೆಗ್ಗೆ ಸಂಗೀತ ಎಂದು ಆಮೇಲೆ ತಿಳಿಯಿತು. ಅಜ್ಜ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ‘ರಾಗ ಗೊತ್ತಾಗಲಿಲ್ಲ, ತಾಳ ಮಾತ್ರ ಗಟ್ಟಿ’ ಎಂದರು. ಆಮೇಲೆ ಎಷ್ಟೋ ಸಂಜೆ ಅವರೇ ಅದನ್ನು ಹಾಕಿಸಿಕೊಂಡರು.

ಆದ್ದರಿಂದ ನೀನು ಕೊಳ್ಳುವಾಗ ಪ್ಲೇಟನ್ನು ಹೊರಗೆ ತೆಗೆದು, ಅಂಚು ಹಿಡಿದು, ಬೆಳಕಿಗೆ ಓರೆ ಮಾಡಿ ನೋಡು. ಕೂದಲೆಳೆಯ ಗೀರಿದ್ದರೂ ಕಾಣುತ್ತದೆ. ಚೀಟಿಯ ಮೇಲೆ ‘ವೆರಿ ಗುಡ್’ ಎಂದಿದ್ದರೆ ಮರುಳಾಗಬೇಡ, ಅವರ ಲೆಕ್ಕದಲ್ಲಿ ಅದು ಸಾಧಾರಣಕ್ಕಿಂತ ಮೇಲಲ್ಲ, ಚಟಪಟ ಖಂಡಿತ. ಹಾಡಿನ ಗೆರೆಗಳು ಮುಗಿದು ನಡುವಿನ ಲೇಬಲ್ ಶುರುವಾಗುವ ಮೊದಲು ಒಂದಿಷ್ಟು ನುಣುಪು ಜಾಗವಿದೆ, ಅಲ್ಲಿ ಸಂಖ್ಯೆಗಳನ್ನು ಕೆತ್ತಿರುತ್ತಾರೆ. ಕೆಲವೊಮ್ಮೆ ತಟ್ಟೆ ಕೊರೆದ ಕುಶಲಕರ್ಮಿಯ ಸಹಿ, ತಮಾಷೆ ಕೂಡ. ಜಾರ್ಜ್ ಪೆಕಮ್ ಎಂಬಾತ ತಾನು ಕೊರೆದವುಗಳ ಮೇಲೆ ‘ಎ ಪೋರ್ಕಿ ಪ್ರೈಮ್ ಕಟ್’ ಎಂದು ಗೀಚುತ್ತಿದ್ದ. ಕಂಡರೆ ನನಗೆ ಫೋಟೋ ಕಳಿಸು.

ನಾನು ಕಂಡ ಸಾಲಿನಲ್ಲಿ ಹೆಚ್ಚಿನವು ಈಗಿಲ್ಲ. ಸಿ.ಡಿ. ಹೊಡೆಯಿತು, ಇಂಟರ್‌ನೆಟ್ ಹೊಡೆಯಿತು ಎನ್ನುತ್ತಾರೆ. ನನ್ನನ್ನು ಕೇಳಿದರೆ ಸೋಹೋದ ಬಾಡಿಗೆಯೂ ಅಷ್ಟೇ ಹೊಡೆಯಿತು. ಬೆರಿಕ್ ಬೀದಿಯಲ್ಲಿ ಸಿಸ್ಟರ್ ರೇ, ರೆಕ್‌ಲೆಸ್ ಎಂಬ ಅಂಗಡಿಗಳು ಉಳಿದಿವೆ. ಬ್ರಿಟನ್ನಿನಲ್ಲಿ 2007ರಲ್ಲಿ ಇಡೀ ವರ್ಷಕ್ಕೆ ಸುಮಾರು ಎರಡು ಲಕ್ಷ ಎಲ್‌ಪಿ ಮಾರಾಟವಾದದ್ದು ಅಷ್ಟೇ. ರಫ್ ಟ್ರೇಡ್‌ನವರ ಧೈರ್ಯ ನೋಡು, ಅದೇ ವರ್ಷ ಬ್ರಿಕ್ ಲೇನ್ ಹತ್ತಿರದ ಹಳೆಯ ಬಿಯರ್ ಕಾರ್ಖಾನೆಯಲ್ಲಿ ವಿಶಾಲವಾದ ಮಳಿಗೆ ತೆರೆದರು. 2023ರಲ್ಲಿ ದೇಶದ ಎಲ್‌ಪಿ ಮಾರಾಟ 59 ಲಕ್ಷ ತಲುಪಿತ್ತು. ಯಾರು ದುಡ್ಡು ಸುರಿಯುತ್ತಾರೆ ಎಂದು ಕೇಳಿದ್ದೆಯಲ್ಲ, ಅಷ್ಟೂ ಕೊಂಡ ಈ ಜನರೇ. ಏಪ್ರಿಲ್‌ನಲ್ಲಿ ಬರುವ ರೆಕಾರ್ಡ್ ಸ್ಟೋರ್ ಡೇ ದಿನ ಮಾತ್ರ ಹೋಗಬೇಡ. 2008ರಲ್ಲಿ ಸಣ್ಣ ಅಂಗಡಿಗಳಿಗೆಂದು ಶುರುವಾದದ್ದು ನಿಜ, ಈಗ ಬೆಳಗಿನ ಜಾವದಿಂದ ಸಾಲು, ಒಳಗೆ ನೂಕಾಟ. ಮಳೆ ಹನಿಯುವ ಮಾಮೂಲಿ ಶನಿವಾರ ಹೋಗು, ಆ ಹುಡುಗಿಯ ಜೊತೆಗೇ ಹೋಗು.

ನನ್ನದೊಂದು ಕೆಲಸವಿದೆ. ಆ ರೆಗ್ಗೆ ಪ್ಲೇಟಿನ ಲೇಬಲ್ ಬರೀ ಬಿಳಿ, ಒಂದಕ್ಷರವೂ ಇಲ್ಲ. ಹಾಡುವವನು ಯಾರೆಂದು ಇಂದಿಗೂ ಗೊತ್ತಿಲ್ಲ. ಹಾಡಿನ ಗೆರೆಗಳಾಚೆ ಕೆತ್ತಿದ ಸಂಖ್ಯೆಯನ್ನು ಭೂತಗನ್ನಡಿ ಹಿಡಿದು ಈ ಹಾಳೆಯ ಹಿಂಬದಿಗೆ ಬರೆದಿದ್ದೇನೆ. ಕೊನೆಯದು ಆರೋ ಸೊನ್ನೆಯೋ, ಸರಿಯಾಗಿ ಕಾಣುತ್ತಿಲ್ಲ. ಮೊಬೈಲಿನಲ್ಲಿ ಹುಡುಕಬೇಡ. ಪೋರ್ಟೊಬೆಲ್ಲೋ ರಸ್ತೆಯ ಅಂಗಡಿಗೆ ಹೋಗಿ, ಕೌಂಟರಿನಲ್ಲಿ ಇರುವವರಿಗೆ ತೋರಿಸಿ, ಬಾಯಿಬಿಟ್ಟು ಕೇಳು.

ನಿನ್ನ ಅಮ್ಮ