ಮಣ್ಣಿನ ದರ ಮತ್ತು ಚಳಿಗಾಲದ ಮಾರಾಟ: ನಮ್ಮ ಗ್ರಾಹಕರಿಗೆ

ನಮಸ್ಕಾರ.

ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇವೆ. ಜನವರಿ 1ರಿಂದ, ಮಡಕೆ, ಮೂರ್ತಿ ಮಾಡಲು ಹದ ಮಾಡಿದ ಮಣ್ಣಿನ 20 ಕೆಜಿ ಚೀಲಕ್ಕೆ 240 ಇದ್ದದ್ದು 300 ರೂಪಾಯಿ ಆಗುತ್ತದೆ. ಈ ಚಳಿಗಾಲದಲ್ಲಿ ತೆಗೆಯುವ ಮಣ್ಣು ಏಪ್ರಿಲ್‌ವರೆಗೆ ಮಾರಾಟಕ್ಕಿಲ್ಲ. ಅಲ್ಲಿಯ ತನಕ ಹಳೆಯ ಮಣ್ಣು ಇರುವಷ್ಟು ಕೊಡುತ್ತೇವೆ, ಮೊದಲೇ ಹೇಳಿಟ್ಟವರಿಗೆ ಮೊದಲು. ಶಾಲೆಯ ಮಕ್ಕಳಿಗೆ ಕಲಿಸುವವರಿಗೂ ಮನೆಯಲ್ಲಿ ತಿಗರಿ (ಮಡಕೆ ಮಾಡುವ ಚಕ್ರ) ಇಟ್ಟುಕೊಂಡವರಿಗೂ ಇದರಿಂದ ತೊಂದರೆ ಆಗುತ್ತದೆ ಅಂತ ಗೊತ್ತು. ಕ್ಷಮೆ ಇರಲಿ.

ಆದರೆ ಒಂದು ಮಾತು ಮಾತ್ರ ಕೇಳಿ ಕೇಳಿ ನಮಗೆ ನೋವಾಗಿದೆ. "ಗದ್ದೆ ಮಣ್ಣು ತಾನೇ, ಅದಕ್ಕೇನು ಖರ್ಚು? ಸುಮ್ನೆ ದರ ಏರಿಸಿದ್ದೀರಿ" ಅಂತ. ಅಂಗಡಿಗೆ ಬಂದವರೂ ಹೇಳಿದರು, ಫೋನಿನಲ್ಲೂ ಹೇಳಿದರು. ಹಾಗಾಗಿ ಪೂರ್ತಿ ಬರೆಯುತ್ತೇವೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲಿ ಅಗೆದರೂ ಜಾಸ್ತಿ ಸಿಗುವುದು ಚಿರೆಕಲ್ಲಿನ ಕೆಂಪು ಮಣ್ಣು. ಅದರಲ್ಲಿ ಮಡಕೆ ಆಗುವುದಿಲ್ಲ. ಮಳೆನೀರು ಹೊತ್ತು ತಂದ ನುಣುಪು ಜೇಡಿ ಕೆರೆಯ ತಳದಲ್ಲಿ, ತಗ್ಗಿನ ಗದ್ದೆಗಳಲ್ಲಿ ಮಾತ್ರ ಕೂತಿರುತ್ತದೆ. ಅದೂ ಮೇಲಕ್ಕೇ ಸಿಗುವುದಿಲ್ಲ. ಬೇರು ತುಂಬಿದ ಮೇಲ್ಮಣ್ಣನ್ನು ಬೇರೆ ರಾಶಿ ಮಾಡಿ, ಕೆಳಗಿನ ಜೇಡಿ ತೆಗೆದು, ಮತ್ತೆ ಅದೇ ಮೇಲ್ಮಣ್ಣನ್ನು ಹರಡಿ ಗದ್ದೆ ಸಮ ಮಾಡಿ ಕೊಡಬೇಕು. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಅಲ್ಲಿ ಭತ್ತ ಬರುವುದಿಲ್ಲ. ಗದ್ದೆಯವರಿಗೆ ಕೊಡುವ ಹಣ ಬೇರೆ. ಅವರು ಪುಕ್ಕಟೆ ಯಾಕೆ ಕೊಡಬೇಕು?

ಇನ್ನು ಸಮಯ. ಭತ್ತದ ಕೊಯ್ಲು ಮುಗಿಯುವ ಮೊದಲು ಗದ್ದೆಗೆ ಇಳಿಯುವಂತಿಲ್ಲ. ಮಾರ್ಚ್ ಹೊತ್ತಿಗೆ ನೆಲ ಬಿರಿದು ಪಿಕಾಸಿ ಇಳಿಯುವುದಿಲ್ಲ. ನಮಗೆ ಸಿಗುವುದು ಡಿಸೆಂಬರ್, ಜನವರಿ, ಸ್ವಲ್ಪ ಫೆಬ್ರವರಿ. ಸರಿಯಾಗಿ ಅದೇ ಹೊತ್ತಿಗೆ ಶಿರಸಿ ಸುತ್ತ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಆಳುಗಳು ತೋಟಕ್ಕೆ ಹೋಗುತ್ತಾರೆ, ಅಲ್ಲಿಯ ಸಂಬಳ ಚೆನ್ನಾಗಿದೆ, ಹೋಗಲೇಬೇಕು. ಅವರನ್ನು ಮಣ್ಣಿನ ಹೊಂಡಕ್ಕೆ ಕರೆಯಬೇಕಾದರೆ ನಾವೂ ಅಷ್ಟೇ ಕೊಡಬೇಕು. ದರ ಏರಿದ್ದರಲ್ಲಿ ದೊಡ್ಡ ಪಾಲು ಇದೇ.

"ಜೆಸಿಬಿ ತರಿಸಿ, ಅರ್ಧ ದಿನದ ಕೆಲಸ" ಅನ್ನುವವರಿಗೂ ಉತ್ತರ ಇದೆ. ಕುಂಬಾರರು ಮಡಕೆ, ಹಣತೆ, ಆಟಿಕೆಗೆ ಮಣ್ಣು ತೆಗೆಯುವುದಕ್ಕೆ ಪರಿಸರ ಅನುಮತಿ ಬೇಡ ಅಂತ ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿ ಇರುವುದು ಕೈಯಿಂದ ಅಗೆಯುವವರಿಗೆ. ಅದೂ ಅಲ್ಲದೆ ಯಂತ್ರ ಜೇಡಿಯನ್ನೂ ಅದರ ಕೆಳಗಿನ ಮರಳನ್ನೂ ಒಟ್ಟಿಗೇ ಎತ್ತಿಬಿಡುತ್ತದೆ. ಗುದ್ದಲಿ ಹಿಡಿದ ಕೈಗೆ ಮರಳು ಸಿಕ್ಕಿದ ಕೂಡಲೇ ಗೊತ್ತಾಗುತ್ತದೆ.

ಘಟ್ಟದ ಕೆಳಗಿನ ಕುಮಟಾ, ಅಂಕೋಲಾ ಕಡೆಯವರು "ನಮ್ಮಲ್ಲೇ ಮಣ್ಣಿದೆಯಲ್ಲ, ಶಿರಸಿಯಿಂದ ದೇವಿಮನೆ ಘಾಟಿ ಇಳಿಸಿ ತರುವ ಬಾಡಿಗೆ ನಾವ್ಯಾಕೆ ಕೊಡಬೇಕು" ಅಂತ ಕೇಳುತ್ತಾರೆ. ಅಘನಾಶಿನಿ ಹೊಳೆ ಬದಿಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಮಣ್ಣು ನೋಡಲಿಕ್ಕೆ ಬಹಳ ಚೆಂದ, ಕೈಗೆ ಬೆಣ್ಣೆ. ಆದರೆ ಅದರಲ್ಲಿ ಉಪ್ಪಿದೆ, ಒಣಗುವಾಗ ಮೈಮೇಲೆ ಬಿಳಿಯಾಗಿ ಏಳುತ್ತದೆ. ಬಳಚಿನ (ಹೊಳೆಯಲ್ಲಿ ಸಿಗುವ ಚಿಪ್ಪುಜೀವಿ) ಚಿಪ್ಪಿನ ಚೂರು ಇದ್ದರಂತೂ ಸುಟ್ಟಾಗ ಸುಣ್ಣ ಆಗಿ, ಆಮೇಲೆ ಗಾಳಿಯ ತೇವ ಎಳೆದುಕೊಂಡು ಉಬ್ಬಿ, ಚೆನ್ನಾಗಿದ್ದ ಮಡಕೆಯ ಮೈಯಿಂದ ಚಕ್ಕೆ ಹಾರಿಸುತ್ತದೆ. ಅಂಥದ್ದನ್ನು ನಮ್ಮ ಚೀಲದಲ್ಲಿ ತುಂಬಿ ಕೊಡುವುದಿಲ್ಲ.

ಏಪ್ರಿಲ್‌ವರೆಗೆ ಯಾಕೆ ಅಂದರೆ, ತಂದ ಮಣ್ಣನ್ನು ಒಣಗಿಸಿ, ಒಡೆದು, ನೀರಲ್ಲಿ ಕರಗಿಸಿ, ಸೋಸಿ, ತೊಟ್ಟಿಯಲ್ಲಿ ಕೊಳೆ ಹಾಕಬೇಕು. ನೀರು ಒಂದೊಂದು ಕಣಕ್ಕೂ ಇಳಿದು ಮಣ್ಣು ಹುಳಿತರೇನೇ ಎಳೆದ ಹಾಗೆ ಬರುವುದು. ಚಳಿಗೆ ದೋಸೆ ಹಿಟ್ಟು ಬೇಗ ಹುಳಿ ಬರುವುದಿಲ್ಲ ಅಲ್ವಾ, ಇದೂ ಹಾಗೆ, ನಿಧಾನ. ಅದರ ಮೇಲೆ ಘಟ್ಟದ ಮೇಲಿನ ಚಳಿಗಾಲ ಅಂದರೆ ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಒಣಗಾಳಿ. ರಾಶಿಯ ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ದಿನಾ ಗೋಣಿ ನೆನೆಸಿ ಹೊದೆಸಿ, ಮೇಲೆ ಪ್ಲಾಸ್ಟಿಕ್ ಶೀಟು ಹಾಕುವ ಕೆಲಸ ನಮ್ಮ ಹೆಂಗಸರದ್ದು, ಅದಕ್ಕೂ ಕೂಲಿ ಇದೆ. ಮೊದಲು ಹಳೆಯ ಮಣ್ಣು ಸಾಕಷ್ಟು ಉಳಿಯುತ್ತಿತ್ತು, ಈಗ ಕೇಳುವವರು ಜಾಸ್ತಿ. ಅವಸರದಲ್ಲಿ ಎಳೆ ಮಣ್ಣು ಕೊಟ್ಟರೆ ನಿಮ್ಮ ಮಡಕೆಯ ಬಾಯಿ ಸೀಳುತ್ತದೆ, ಹೆಸರು ನಮ್ಮದು ಕೆಡುತ್ತದೆ.

ನಿಮ್ಮ ಮನೆಯಲ್ಲಿರುವ ಚೀಲಕ್ಕೂ ಇದೇ ಗಾಳಿ ತಾಗುತ್ತದೆ. ಬಾಯಿ ಬಿಗಿಯಾಗಿ ಕಟ್ಟಿ, ಒಳಗೆ ಒದ್ದೆ ಬಟ್ಟೆ ಹಾಕಿ, ಬಿಸಿಲು ಬೀಳದ ಮೂಲೆಯಲ್ಲಿಡಿ. ಕಪ್ಪಾದರೆ, ವಾಸನೆ ಬಂದರೆ ಹೆದರಬೇಡಿ, ಹುಳಿಯುತ್ತಿದೆ ಅಷ್ಟೇ. ಅರ್ಧ ಗಟ್ಟಿಯಾದ ಮಣ್ಣಿನ ಮೇಲೆ ನೀರು ಸುರಿಯಬೇಡಿ, ಮೇಲೆ ಕೆಸರಾಗುತ್ತದೆ, ಒಳಗೆ ಇಳಿಯುವುದಿಲ್ಲ. ಪೂರ್ತಿ ಒಣಗಿಸಿ, ಸಣ್ಣಗೆ ಒಡೆದು, ಆಮೇಲೆ ನೆನೆಹಾಕಿ. ತಾನಾಗಿ ಕರಗುತ್ತದೆ. ಒಂದು ಉಂಡೆಯನ್ನೂ ಎಸೆಯಬೇಡಿ, ಅದರ ಹಿಂದೆ ಎಷ್ಟು ಕೈ ಇದೆ ಅಂತ ಈಗ ನಿಮಗೂ ಗೊತ್ತು.

ಚೌತಿಯ ಗಣಪತಿ ಮಾಡುವವರಿಗೆ ಮತ್ತು ಶಾಲೆಗಳಿಗೆ ಒಂದು ಮಾತು ಕೊಡುತ್ತೇವೆ. ಸಂಕ್ರಾಂತಿಯೊಳಗೆ ಹೇಳಿಟ್ಟರೆ ಈ ವರ್ಷ ಹಳೆಯ ದರ, 240ಕ್ಕೇ ಕೊಡುತ್ತೇವೆ. ನಷ್ಟ ಆದರೂ ಆಗಲಿ. ಮಣ್ಣನ್ನು ಮಾತ್ರ ಮೇ ಮುಗಿಯುವುದರೊಳಗೆ ಒಯ್ಯಿರಿ, ಮಳೆ ಹಿಡಿದ ಮೇಲೆ ಟೆಂಪೋ ನಮ್ಮ ಅಂಗಳಕ್ಕೆ ಬರುವುದಿಲ್ಲ. ಹೇಳಿಡುವಾಗ ಏನು ಮಾಡುತ್ತೀರಿ ಅನ್ನುವುದನ್ನೂ ತಿಳಿಸಿ. ಮೂರ್ತಿಗೆ ಬೇಕಾದ ಹದ ಬೇರೆ, ತಿಗರಿಗೆ ಬೇರೆ.

ಇಂತಿ,
ನಿಮ್ಮ ಕುಂಬಾರರ ಸಂಘದವರು, ಶಿರಸಿ