ಮಂಡ್ಯದ ಗೆಳೆಯನಿಗೊಂದು ಪತ್ರ

ಲೋ ಮಗಾ,

ಕಬ್ಬು ಕಡಿದಾಯ್ತಾ? ಏಣಿ ವಿಷಯ ಮಾತ್ರ ಇಲ್ಲಿ ಎತ್ತಬೇಡ, ಎಲ್ಲರೂ ಓದ್ತಾರೆ.

ಮೊನ್ನೆ ರಾತ್ರಿ ಇವಳು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ತಂಗಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಎದುರುಮನೆ ಅಜ್ಜಿ ತನ್ನ ಮಲ್ಲಿಗೆ ಬಳ್ಳಿಗೆ ದೃಷ್ಟಿ ಆಗಿದೆ ಅಂತ ಮೆಣಸಿನಕಾಯಿ ನಿವಾಳಿಸಿದ ಕಥೆ. ಹೇಳುತ್ತಾ ಹೇಳುತ್ತಾ ಇವಳಿಗೇ ನಗು ತಡೆಯಲಾಗಲಿಲ್ಲ. ನಾನು ಹಾಲ್‌ನಲ್ಲೇ ಇದ್ದೆ. ಆ ಕಥೆ ನನಗೆ ಬಂದಿರಲಿಲ್ಲ.

ನಮ್ಮಲ್ಲಿ ಜಗಳ ಇಲ್ಲ. ಫೀಸು, ಗ್ಯಾಸು, ಇಎಂಐ, ಅಮ್ಮನ ಬಿಪಿ ಮಾತ್ರೆ, ಎಲ್ಲ ಮಾತಾಡುತ್ತೇವೆ. ಸುಮ್ನೆ ಆಡುವ ಮಾತು ಮಾತ್ರ ಇಬ್ಬರದೂ ಫೋನಿಗೆ ಹೋಗುತ್ತಿದೆ.

ಜಾನ್ ಗಾಟ್‌ಮನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು. ಹೊಸದಾಗಿ ಮದುವೆಯಾದವರು ಒಬ್ಬರನ್ನೊಬ್ಬರು ಹೇಗೆ ಮಾತಿಗೆ ಕರೆಯುತ್ತಾರೆ ಅಂತ ಗಮನಿಸಿದವರು. ನಮ್ಮ 'ರೀ, ಇಲ್ನೋಡಿ' ಇದೆಯಲ್ಲ, ಅಂಥ ಸಣ್ಣ ಕರೆ. ಆರು ವರ್ಷದ ಮೇಲೂ ಜೊತೆಗಿದ್ದವರು ನೂರಕ್ಕೆ 86 ಸಲ ಓಗೊಟ್ಟಿದ್ದರಂತೆ. ಬೇರೆಯಾದವರು 33 ಸಲ. ಆಗಿನ್ನೂ ಸ್ಮಾರ್ಟ್‌ಫೋನೇ ಇರಲಿಲ್ಲ ನೋಡು. ಓದಿ ಎದೆ ಧಸಕ್ ಅಂತು.

ಮೊಬೈಲನ್ನು ಬೈಯೋಕೂ ಮನಸ್ಸು ಬರಲ್ಲ ಕಣೋ. ಮಂಡ್ಯದಿಂದ ದಿನಾ ರೈಲಲ್ಲಿ ಮೈಸೂರಿಗೆ ಬರುತ್ತಿದ್ದೆನಲ್ಲ, ಪಾಂಡವಪುರ ದಾಟಿದಾಗ ಒಂದು ಮಿಸ್ಡ್ ಕಾಲ್. ಅನ್ನಕ್ಕಿಡು ಅಂತ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಇನ್ನೊಂದು. ಅದಕ್ಕೆ ಅರ್ಥವೇ ಇರಲಿಲ್ಲ, ಅವಳೂ ತಿರುಗಿ ಒಂದು ಕೊಡುತ್ತಿದ್ದಳು. 2016ರಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಯ್ತು, ಮಿಸ್ಡ್ ಕಾಲ್ ಯಾರಿಗೂ ಬೇಡವಾಯ್ತು.

ಹೇಳಿಯೇಬಿಡ್ತೀನಿ. ಅವತ್ತು ನಾದಿನಿ ಮೇಲೆ ಹೊಟ್ಟೆ ಉರಿಯಿತು. ರಾತ್ರಿ ನಿದ್ದೆ ಹತ್ತಲಿಲ್ಲ. ಪಕ್ಕದಲ್ಲೇ ಮಲಗಿದ್ದಾಳೆ, ಊರಿಗೆ ಹೋದವಳು ನೆನಪಾದ ಹಾಗೆ ನೆನಪಾಗುತ್ತಿದ್ದಳು. ನಾಳೆ ನಾನಿಲ್ಲದೆಯೂ ಇವಳ ದಿನ ಹೀಗೇ ತುಂಬಿಬಿಡುತ್ತದೇನೋ ಅಂತ ಭಯ ಆಯಿತು. ಇದನ್ನು ಅವಳಿಗೂ ಹೇಳಿಲ್ಲ.

ಮಾರನೇ ದಿನ ಪಕ್ಕದಲ್ಲಿ ಕೂತು ಕೇಳಿದೆ, 'ಅಜ್ಜಿ ಬಳ್ಳಿ ಹೇಗಿದೆ?' ನನ್ನ ಮುಖವನ್ನೇ ನೋಡಿದಳು. ಆಮೇಲೆ ಶುರು ಮಾಡಿದಳು ನೋಡು, ತಂಗಿಗೆ ಹೇಳಿದ್ದಕ್ಕಿಂತ ಉದ್ದ! ಹಾಲು ಉಕ್ಕಿಹೋಯಿತು.

ಸಾಕು, ಜಾಸ್ತಿಯೇ ಬರೆದೆ. ಇವಳೂ ಓದುತ್ತಾಳೆ, ಓದಲಿ ಬಿಡು. ಭಾನುವಾರ ಅತ್ತಿಗೇನೂ ಕರ್ಕೊಂಡು ಬಾ. ಆಲೆಮನೆ ಬೆಲ್ಲ ಮರೀಬೇಡ, ಹೋದ ಸಲದ ಹಾಗೆ ಅರ್ಧ ದಾರಿಯಲ್ಲೇ ಖಾಲಿ ಮಾಡಿದರೆ ಏಣಿ ವಿಷಯ ನಾನೇ ಎತ್ತುತ್ತೀನಿ.

ನಿನ್ನ,
ಮೈಸೂರಿನ ಗೆಳೆಯ